ಸ್ಟ್ಯಾಟಿಕ್ ಟೈಪ್ ಚೆಕರ್‌ನಲ್ಲಿ ಕ್ರ್ಯಾಶ್: ಮೂಲ ಶೋಧ ಮತ್ತು ದುರಸ್ತಿ

ಪ್ರೋಗ್ರಾಮನ್ನು ಓಡಿಸದೆ, ಅದರ ಕೋಡನ್ನು ಓದಿಯೇ, ಅಲ್ಲಿ ಬರುವ ಮೌಲ್ಯಗಳ ಟೈಪುಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರಿಶೀಲಿಸುವ ತಂತ್ರಾಂಶಕ್ಕೆ ಸ್ಟ್ಯಾಟಿಕ್ ಟೈಪ್ ಚೆಕರ್ ಎಂದು ಹೆಸರು. ಪೈಥಾನ್‌ಗೆ ಮೈಪೈ, ಪೈರೈಟ್, ಪೈರ್, ಜಾವಾಸ್ಕ್ರಿಪ್ಟ್ ಜಗತ್ತಿಗೆ ಟೈಪ್‌ಸ್ಕ್ರಿಪ್ಟ್ ಮತ್ತು ಫ್ಲೋ, ರೂಬಿಗೆ ಸಾರ್ಬೆ. ಬೇರೆಯವರ ಕೋಡಿನ ತಪ್ಪನ್ನು ಹುಡುಕುವುದು ಇವುಗಳ ಕೆಲಸ. ಆ ಕೆಲಸದ ನಡುವೆ ಚೆಕರ್ ತಾನೇ ಮುರಿದುಬಿದ್ದು, ತಪ್ಪಿದೆ ಎಂದೂ ಇಲ್ಲ ಎಂದೂ ಹೇಳದೆ ನಿಂತುಹೋದರೆ ಅದು ಕ್ರ್ಯಾಶ್. ಅಂಥ ಕ್ರ್ಯಾಶ್‌ನ ಮೂಲವನ್ನು ಪತ್ತೆಹಚ್ಚಿ ಸರಿಪಡಿಸುವ ಬಗೆಯನ್ನು ಈ ಲೇಖನ ವಿವರಿಸುತ್ತದೆ. ಒಳರಚನೆಯೂ ದೋಷಗಳ ಇತಿಹಾಸವೂ ಎಲ್ಲರಿಗೂ ತೆರೆದಿರುವ ಮೈಪೈಯೇ ಇಲ್ಲಿ ಮುಖ್ಯ ಉದಾಹರಣೆ.

ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪುವ ಒಂದು ನಿಯಮವಿದೆ: ಪರೀಕ್ಷೆಗೆ ಬಂದ ಕೋಡು ಎಷ್ಟೇ ಕೆಟ್ಟದಾಗಿರಲಿ, ಅರೆಬರೆಯಾಗಿರಲಿ, ಚೆಕರ್ ಕ್ರ್ಯಾಶ್ ಆದರೆ ತಪ್ಪು ಚೆಕರ್‌ನದೇ. ತಪ್ಪಿರುವ ಕೋಡು ಬರುತ್ತದೆಂದೇ ಅದನ್ನು ಕಟ್ಟಲಾಗಿದೆ. ಹೀಗಾಗಿ ಕ್ರ್ಯಾಶ್ ಕಂಡ ಪ್ರೋಗ್ರಾಮರ್ ತನ್ನ ಕೋಡನ್ನು ಅತ್ತಿತ್ತ ತಿರುಚಿ ಸಂದೇಶ ಮಾಯವಾಗುವಂತೆ ಮಾಡಿ ಸುಮ್ಮನಾದರೆ ದೋಷ ಅಲ್ಲೇ ಉಳಿಯುತ್ತದೆ, ಮುಂದಿನವರನ್ನು ಕಾಡುತ್ತದೆ.

ಕ್ರ್ಯಾಶನ್ನು ಮೊದಲು ಅದರ ಅಕ್ಕಪಕ್ಕದ ತೊಂದರೆಗಳಿಂದ ಬಿಡಿಸಿ ನೋಡಬೇಕು. ಇಲ್ಲದ ತಪ್ಪನ್ನು ತೋರಿಸುವುದು ಒಂದು, ಇರುವ ತಪ್ಪನ್ನು ಬಿಟ್ಟುಬಿಡುವುದು ಇನ್ನೊಂದು, ಮುಗಿಯದೆ ಓಡುತ್ತಲೇ ಇರುವುದು ಮತ್ತೊಂದು. ಮೈಪೈಯಲ್ಲಿ ಪ್ರಕ್ರಿಯೆ ಮುಗಿಯುವಾಗ ಬರುವ ಸಂಖ್ಯೆಯೇ ಸುಳಿವು ಕೊಡುತ್ತದೆ: 0 ಎಂದರೆ ತಪ್ಪಿಲ್ಲ, 1 ಎಂದರೆ ಟೈಪ್ ತಪ್ಪುಗಳಿವೆ, 2 ಎಂದರೆ ಪರೀಕ್ಷೆ ಮುಂದುವರಿಯಲಾಗಲಿಲ್ಲ. ಕ್ರ್ಯಾಶ್ ಮೂರನೆಯ ಗುಂಪಿನದು. ದೊಡ್ಡ ತಂಡಗಳ ಸ್ವಯಂಚಾಲಿತ ಪರೀಕ್ಷಾ ಸಾಲುಗಳಲ್ಲಿ 1 ಮತ್ತು 2ನ್ನು ಒಂದೇ ಎಂದು ನೋಡುವ ರೂಢಿ ಇದೆ. ಇದು ಕೆಟ್ಟ ರೂಢಿ. 2 ಬಂದ ದಿನ ಚೆಕರ್ ಎಷ್ಟೋ ಕಡತಗಳನ್ನು ಮುಟ್ಟಿಯೇ ಇರುವುದಿಲ್ಲ.

ಹಿನ್ನೆಲೆ

ಪ್ರೋಗ್ರಾಮರ್ ಬರೆಯದಿದ್ದರೂ ಟೈಪನ್ನು ಊಹಿಸಿ ಪರಿಶೀಲಿಸುವ ವಿಧಾನಕ್ಕೆ ಗಟ್ಟಿಯಾದ ಗಣಿತದ ನೆಲೆ ಒದಗಿಸಿದ್ದು ರಾಬಿನ್ ಮಿಲ್ನರ್ ಅವರ 1978ರ ಪ್ರಬಂಧ. ಎಂಎಲ್ ಭಾಷೆಯ ಬೆನ್ನೆಲುಬು ಅದು. ಅಲ್ಲಿ ಟೈಪ್ ಪರೀಕ್ಷೆ ಕಂಪೈಲರ್‌ನ ಒಂದು ಅಂಗ. ತಪ್ಪು ಕಂಡರೆ ಕಂಪೈಲರ್ ನಿಲ್ಲಬಹುದಿತ್ತು. ಟೈಪು ಬರೆದ ಭಾಗ, ಬರೆಯದ ಭಾಗ ಎರಡೂ ಒಂದೇ ಪ್ರೋಗ್ರಾಮಿನಲ್ಲಿ ಇರಬಹುದು ಎನ್ನುವ ಗ್ರ್ಯಾಜುಯಲ್ ಟೈಪಿಂಗ್ ಪರಿಕಲ್ಪನೆಯನ್ನು ಜೆರೆಮಿ ಸೀಕ್ ಮತ್ತು ವಾಲಿದ್ ತಾಹಾ 2006ರಲ್ಲಿ ಮಂಡಿಸಿದರು. 2012ರಲ್ಲಿ ಮೈಕ್ರೋಸಾಫ್ಟ್‌ನ ಟೈಪ್‌ಸ್ಕ್ರಿಪ್ಟ್ ಹೊರಬಂತು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಯೂಕ್ಕಾ ಲೆಹ್ಟೋಸಾಲೋ ಮೈಪೈಯನ್ನು ಮೊದಲು ಪೈಥಾನ್‌ನಂಥ ಬೇರೆಯೇ ಭಾಷೆಯಾಗಿ ಕಟ್ಟುತ್ತಿದ್ದರು. 2013ರ ಪೈಕಾನ್ ಸಮ್ಮೇಳನದ ಹೊತ್ತಿಗೆ ಪೈಥಾನ್‌ನ ಕರ್ತೃ ಗೀಡೋ ವಾನ್ ರೋಸಮ್ ಅವರ ಸಲಹೆಯಂತೆ ಅದನ್ನು ಮಾಮೂಲಿ ಪೈಥಾನ್ ಬರವಣಿಗೆಯನ್ನೇ ಓದುವ ಚೆಕರ್ ಆಗಿ ಬದಲಿಸಿದರು. ಪೆಪ್ 484 ಎಂಬ ಪ್ರಸ್ತಾವದ ಮೂಲಕ ಟೈಪ್ ಸೂಚನೆಗಳು 2015ರ ಪೈಥಾನ್ 3.5ರಲ್ಲಿ ಅಧಿಕೃತವಾದವು. ಡ್ರಾಪ್‌ಬಾಕ್ಸ್ ಕಂಪನಿ 2019ರಲ್ಲಿ 40 ಲಕ್ಷ ಸಾಲು ಪೈಥಾನ್ ಕೋಡನ್ನು ಮೈಪೈ ಪರೀಕ್ಷೆಗೆ ಒಳಪಡಿಸಿರುವುದಾಗಿ ತಿಳಿಸಿತು. ಮೈಪೈಯ 1.0 ಆವೃತ್ತಿ ಬಂದದ್ದು 2023ರ ಫೆಬ್ರವರಿಯಲ್ಲಿ.

ಈ ಇತಿಹಾಸಕ್ಕೂ ಕ್ರ್ಯಾಶ್‌ಗಳಿಗೂ ನೇರ ನಂಟಿದೆ. ಪೈಥಾನ್‌ನಲ್ಲಿ ಒಂದೇ ಹೆಸರು ಮೊದಲು ಕ್ಲಾಸ್ ಆಗಿ, ಮುಂದಿನ ಸಾಲಿನಲ್ಲಿ ಫಂಕ್ಷನ್ ಆಗಬಹುದು. ಷರತ್ತಿನ ಒಳಗೆ ಕ್ಲಾಸ್ ಹುಟ್ಟಬಹುದು. ಎರಡು ಕಡತಗಳು ಪರಸ್ಪರ ಇಂಪೋರ್ಟ್ ಮಾಡಿಕೊಳ್ಳಬಹುದು. ಟೈಪ್ ಪರೀಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸದ ಭಾಷೆಗೆ ದಶಕಗಳ ನಂತರ ಚೆಕರ್ ಕಟ್ಟಿದಾಗ, ಭಾಷೆ ಅನುಮತಿಸುವ ಪ್ರತಿ ವಿಚಿತ್ರ ಜೋಡಣೆಯನ್ನೂ ಅದು ಎದುರಿಸಬೇಕು. ಮೇಲಾಗಿ ಒಂದು ತಪ್ಪು ಕಂಡರೆ ಅಲ್ಲಿಗೆ ನಿಲ್ಲುವಂತಿಲ್ಲ. ಅದನ್ನು ವರದಿ ಮಾಡಿ ಉಳಿದ ಕೋಡನ್ನೂ ನೋಡಬೇಕು. ಕ್ರ್ಯಾಶ್‌ಗಳ ದೊಡ್ಡ ಪಾಲು ಹುಟ್ಟುವುದು ಹೀಗೆ ತಪ್ಪನ್ನು ದಾಟಿ ಮುಂದೆ ಸಾಗುವ ದಾರಿಯಲ್ಲಿ.

ಹಂತಗಳು ಮತ್ತು ಅವು ಕೊಡುವ ಭರವಸೆ

ಮೈಪೈ ಮೊದಲು ಕಡತಗಳನ್ನು ಓದಿ ವಾಕ್ಯರಚನಾ ವೃಕ್ಷ ಕಟ್ಟುತ್ತದೆ. ಯಾವ ಕಡತ ಯಾವುದನ್ನು ಇಂಪೋರ್ಟ್ ಮಾಡುತ್ತದೆ ಎಂಬ ನಕ್ಷೆ ತಯಾರಿಸಿ, ಪರಸ್ಪರ ಸುತ್ತಿಕೊಂಡಿರುವ ಕಡತಗಳನ್ನು ಒಂದು ಗುಂಪಾಗಿ ಹಿಡಿಯುತ್ತದೆ. ಆಮೇಲೆ ಸೆಮ್ಯಾಂಟಿಕ್ ವಿಶ್ಲೇಷಣೆ: ಪ್ರತಿ ಹೆಸರೂ ಯಾವ ವ್ಯಾಖ್ಯೆಯನ್ನು ಸೂಚಿಸುತ್ತದೆಂದು ನಿಗದಿ ಮಾಡುವ ಕೆಲಸ. ಅದಾದ ಮೇಲೆ ನಿಜವಾದ ಟೈಪ್ ಪರೀಕ್ಷೆ. ಕೊನೆಗೆ ಫಲಿತಾಂಶವನ್ನು ಡಿಸ್ಕ್‌ನ ಕ್ಯಾಶ್‌ಗೆ ಬರೆಯುವುದು. ಮರುದಿನ ಬದಲಾಗದ ಕಡತಗಳನ್ನು ಮತ್ತೆ ಪರೀಕ್ಷಿಸುವ ಶ್ರಮ ತಪ್ಪಲಿ ಎಂದು.

ಪ್ರತಿ ಹಂತವೂ ಮುಂದಿನ ಹಂತಕ್ಕೆ ಕೆಲವು ಭರವಸೆಗಳನ್ನು ಕೊಡುತ್ತದೆ. ‘ಇಲ್ಲಿಗೆ ಬರುವ ಹೊತ್ತಿಗೆ ಪ್ರತಿ ಕ್ಲಾಸ್‌ಗೂ ಪೂರ್ವಜರ ಪಟ್ಟಿ ಸಿದ್ಧವಾಗಿರುತ್ತದೆ’, ‘ಬಿಡಿಸದ ಹೆಸರು ಯಾವುದೂ ಉಳಿದಿರುವುದಿಲ್ಲ’ ಎಂಬಂಥವು. ಇವುಗಳಲ್ಲಿ ಕೆಲವನ್ನು ಕೋಡಿನಲ್ಲೇ ಅಸರ್ಟ್ ಹೇಳಿಕೆಗಳಾಗಿ ಬರೆದಿರುತ್ತಾರೆ. ಇನ್ನು ಕೆಲವು ಕಟ್ಟಿದವರ ತಲೆಯಲ್ಲಷ್ಟೇ ಇರುತ್ತವೆ. ಭರವಸೆ ಸುಳ್ಳಾದಾಗ ಒಂದೋ ಅಸರ್ಟ್ ಸಿಡಿಯುತ್ತದೆ, ಇಲ್ಲವೇ ಇರಬೇಕಾದ ವಸ್ತುವಿನ ಜಾಗದಲ್ಲಿ ಏನೂ ಇಲ್ಲದೆ ಅಟ್ರಿಬ್ಯೂಟ್ ಎರರ್ ಬರುತ್ತದೆ. ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರ್ ಇಂಥ ಹೊತ್ತಿನಲ್ಲಿ ‘ಅಸಾಧ್ಯವಾದದ್ದು ನಡೆಯಿತು’ ಎಂಬ ಅರ್ಥದ ಸಂದೇಶವನ್ನೇ ತೋರಿಸುತ್ತದೆ. ರಸ್ಟ್ ಕಂಪೈಲರ್‌ನಲ್ಲಿ ಇದಕ್ಕೆ ಇಂಟರ್ನಲ್ ಕಂಪೈಲರ್ ಎರರ್ ಎಂದು ಹೆಸರು.

ಇಡೀ ಶೋಧಕ್ಕೆ ದಿಕ್ಕು ಕೊಡುವ ಸಂಗತಿ ಇದು: ಕ್ರ್ಯಾಶ್ ಆಗುವ ಜಾಗ ಭರವಸೆ ಮುರಿದಿದ್ದು ಬಯಲಾದ ಜಾಗ, ಅದು ಮುರಿದ ಜಾಗ ಬೇರೆಯೇ. ಎರಡರ ನಡುವೆ ಒಂದು ಫಂಕ್ಷನ್ ಇರಬಹುದು, ಒಂದು ಹಂತ ಇರಬಹುದು, ನಿನ್ನೆಯ ಓಟಕ್ಕೂ ಇಂದಿನ ಓಟಕ್ಕೂ ನಡುವಿನ ಅಂತರವೂ ಇರಬಹುದು. ಡಿಬಗ್ ಮಾಡುವುದೆಂದರೆ ಈ ದೂರವನ್ನು ಹಿಮ್ಮುಖವಾಗಿ ನಡೆಯುವುದು.

ಬಗೆಗಳು

ಅತಿ ಸಾಮಾನ್ಯವಾದದ್ದು ಅರೆಬೆಂದ ವೃಕ್ಷ. ಕೋಡಿನಲ್ಲಿ ತಪ್ಪಿದೆ, ಸೆಮ್ಯಾಂಟಿಕ್ ವಿಶ್ಲೇಷಕ ಅದನ್ನು ಸರಿಯಾಗಿಯೇ ವರದಿ ಮಾಡುತ್ತದೆ, ಆದರೆ ಆ ವ್ಯಾಖ್ಯೆಯನ್ನು ಪೂರ್ತಿಗೊಳಿಸದೆ ಹಿಂದಿರುಗುತ್ತದೆ. ಮುಂದಿನ ಹಂತ ಅದನ್ನು ಪೂರ್ತಿಯಾದದ್ದೆಂದು ನಂಬಿ ಮುಟ್ಟಿದಾಗ ಮುರಿದುಬೀಳುತ್ತದೆ.

ಎರಡನೆಯದು ಇಂಪೋರ್ಟ್ ಸುಳಿ. ಒಂದು ಹೆಸರಿನ ಅರ್ಥ ಇನ್ನೊಂದು ಕಡತದಲ್ಲಿದೆ, ಅದರದ್ದು ಮತ್ತೆ ಇಲ್ಲಿದೆ. 2019ರಲ್ಲಿ ಬಳಕೆಗೆ ಬಂದ ಮೈಪೈಯ ಹೊಸ ಸೆಮ್ಯಾಂಟಿಕ್ ವಿಶ್ಲೇಷಕ ಇದಕ್ಕೆ ಪ್ಲೇಸ್‌ಹೋಲ್ಡರ್ ಎಂಬ ತಾತ್ಕಾಲಿಕ ಗುರುತು ಇಟ್ಟು, ಏನೂ ಬದಲಾಗದ ಸ್ಥಿತಿ ಬರುವ ತನಕ ಗುಂಪನ್ನು ಮತ್ತೆ ಮತ್ತೆ ಸುತ್ತುತ್ತದೆ. ಸುತ್ತುಗಳಿಗೆ ಮಿತಿಯಿದೆ, ಅದನ್ನು ಮೀರಿದರೆ ವಿಶ್ಲೇಷಣೆಯ ಸುತ್ತುಗಳು ಮುಗಿದವೆಂದು ಆಂತರಿಕ ದೋಷ ತೋರಿಸಿ ನಿಲ್ಲುತ್ತದೆ. ಎರಡು ವ್ಯಾಖ್ಯೆಗಳು ಪ್ರತಿ ಸುತ್ತಿನಲ್ಲೂ ಒಂದನ್ನೊಂದು ಅಳಿಸಿ ಬರೆಯುತ್ತಿದ್ದರೆ ಸ್ಥಿರತೆ ಎಂದೂ ಬರುವುದಿಲ್ಲ. ಪ್ಲೇಸ್‌ಹೋಲ್ಡರ್ ಒಂದು ಕೊನೆಯ ಸುತ್ತಿನ ನಂತರವೂ ಉಳಿದು ಟೈಪ್ ಪರೀಕ್ಷೆಯ ಹಂತಕ್ಕೆ ನುಸುಳಿದರೆ ಅಲ್ಲಿ ಅಸರ್ಟ್ ಸಿಡಿಯುತ್ತದೆ.

ತನ್ನನ್ನೇ ತಾನು ಕರೆದುಕೊಳ್ಳುವ ಟೈಪುಗಳದು ಮತ್ತೊಂದು ಲೋಕ. ಜೇಸನ್ ದತ್ತಾಂಶದ ಟೈಪು ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ: ಅದು ಸಂಖ್ಯೆ, ಪಠ್ಯ, ಅಥವಾ ಅದೇ ಟೈಪಿನ ಪಟ್ಟಿ. ಇಂಥ ಎರಡು ಟೈಪುಗಳಲ್ಲಿ ಒಂದು ಇನ್ನೊಂದರ ಉಪಟೈಪೇ ಎಂದು ಕೇಳಿದರೆ ಉತ್ತರ ಹುಡುಕುವಾಗ ಅದೇ ಪ್ರಶ್ನೆ ಮತ್ತೆ ಎದುರಾಗುತ್ತದೆ. ರಾಬರ್ಟೋ ಅಮಾಡಿಯೋ ಮತ್ತು ಲೂಕಾ ಕಾರ್ಡೆಲ್ಲಿ 1993ರಲ್ಲಿ ವಿವರಿಸಿದ ಪರಿಹಾರ ಇಂದಿಗೂ ಚಾಲ್ತಿಯಲ್ಲಿದೆ: ಪ್ರಶ್ನೆ ಮರುಕಳಿಸಿದರೆ ಉತ್ತರ ‘ಹೌದು’ ಎಂದೇ ಊಹಿಸಿ ಮುಂದುವರಿಯುವುದು, ವಿರೋಧ ಕಾಣದಿದ್ದರೆ ಆ ಊಹೆಯನ್ನೇ ಉಳಿಸಿಕೊಳ್ಳುವುದು. ಮೈಪೈ ಹೀಗೆ ಊಹಿಸಿದ ಜೋಡಿಗಳ ಒಂದು ಸ್ಟ್ಯಾಕನ್ನು ಇಟ್ಟುಕೊಳ್ಳುತ್ತದೆ. ಆದರೆ ಟೈಪುಗಳ ಮೇಲೆ ನಡೆಯುವ ಕೆಲಸ ಉಪಟೈಪ್ ಪ್ರಶ್ನೆಯೊಂದೇ ಅಲ್ಲ. ಎರಡರ ಸಾಮಾನ್ಯ ಪೂರ್ವಜವನ್ನು ಹುಡುಕುವುದು, ಪಠ್ಯವಾಗಿ ಮುದ್ರಿಸುವುದು, ಹ್ಯಾಶ್ ಲೆಕ್ಕ ಹಾಕುವುದು ಎಲ್ಲಕ್ಕೂ ಅದೇ ಎಚ್ಚರ ಬೇಕು. ಒಂದು ಕಡೆ ಮರೆತರೆ ರಿಕರ್ಷನ್ ಎರರ್. ಪೈಥಾನ್‌ನ ಮಾಮೂಲಿ ರಿಕರ್ಷನ್ ಮಿತಿ 1000. ಮೈಪೈ ಅದನ್ನು 16,384ಕ್ಕೆ ಏರಿಸಿಕೊಂಡು ಕೆಲಸ ಶುರುಮಾಡುತ್ತದೆ. ಹೀಗಾಗಿ ಬೀಳುವ ಮುನ್ನ ನಡೆದ ಕರೆಗಳ ಪಟ್ಟಿಯಾದ ಟ್ರೇಸ್‌ಬ್ಯಾಕ್‌ನಲ್ಲಿ ಅದೇ ನಾಲ್ಕೈದು ಫಂಕ್ಷನ್‌ಗಳು ಸಾವಿರಾರು ಸಲ ಕಾಣಬಹುದು. ಅದನ್ನು ಓದುವವರಿಗೆ ಬೇಕಾದದ್ದು ಒಂದು ಪೂರ್ತಿ ಸುತ್ತು ಮತ್ತು ಸುತ್ತಿಗೆ ಒಳಹೊಕ್ಕ ಮೊದಲ ಕರೆ. ಉಳಿದದ್ದೆಲ್ಲ ಪುನರಾವರ್ತನೆ.

ಪ್ಲಗಿನ್‌ಗಳನ್ನು ಮರೆಯುವಂತಿಲ್ಲ. ಜ್ಯಾಂಗೋ, ಪೈಡ್ಯಾಂಟಿಕ್ ಮುಂತಾದ ಲೈಬ್ರರಿಗಳ ಮಾಂತ್ರಿಕ ನಡವಳಿಕೆಯನ್ನು ಚೆಕರ್‌ಗೆ ವಿವರಿಸುವ ಈ ತುಣುಕುಗಳು ಚೆಕರ್‌ನ ಒಳಗೇ ಓಡುತ್ತವೆ. ಅವು ಬಿದ್ದರೆ ಮೈಪೈ ಬಿದ್ದಂತೆಯೇ ಸಂದೇಶ ಬರುತ್ತದೆ. ಟ್ರೇಸ್‌ಬ್ಯಾಕ್‌ನ ಕೊನೆಯ ಸಾಲುಗಳಲ್ಲಿ ಯಾರ ಕಡತದ ಹೆಸರಿದೆ ಎಂದು ನೋಡಿ, ಪ್ಲಗಿನ್ ತೆಗೆದು ಇನ್ನೊಮ್ಮೆ ಓಡಿಸುವುದು ಮೊದಲ ಹೆಜ್ಜೆ.

ಕ್ಯಾಶ್ ಕ್ರ್ಯಾಶ್: ಒಂದು ಹತ್ತಿರದ ನೋಟ

ಮೈಪೈ ಬಳಸುವವರಲ್ಲಿ ಹಲವರು ಒಮ್ಮೆಯಾದರೂ ಕಂಡಿರುವ ಸಂದೇಶ ‘ಕೆನಾಟ್ ಫೈಂಡ್ ಕಾಂಪೊನೆಂಟ್’ ಎಂಬ ಅಸರ್ಷನ್ ಎರರ್: ಇಂಥ ಪೂರ್ಣ ಹೆಸರಿನಲ್ಲಿ ಇಂಥ ಭಾಗ ಸಿಗಲಿಲ್ಲ ಎಂದರ್ಥ. ಕ್ಯಾಶ್ ಫೋಲ್ಡರನ್ನು ಅಳಿಸಿ ಮತ್ತೆ ಓಡಿಸಿದರೆ ಅದು ಕಣ್ಮರೆಯಾಗುತ್ತದೆ. ಅದಕ್ಕಾಗಿಯೇ ಇದರ ಮೂಲ ಹಿಡಿಯುವುದು ಕಷ್ಟ. ಅಳಿಸಿದ್ದು ಕಸವಲ್ಲ, ಸಾಕ್ಷ್ಯ.

ನಡೆಯುವುದು ಹೀಗೆ. ಮೂರು ಕಡತಗಳಿವೆ ಎನ್ನೋಣ: ಅಂಗಡಿ, ಬಿಲ್, ತೆರಿಗೆ. ಅಂಗಡಿ ಬಿಲ್ಲನ್ನು ಇಂಪೋರ್ಟ್ ಮಾಡುತ್ತದೆ, ಬಿಲ್ ತೆರಿಗೆಯನ್ನು. ಬಿಲ್‌ನ ಒಂದು ಫಂಕ್ಷನ್ ತೆರಿಗೆ ಕಡತದ ‘ದರ’ ಎಂಬ ಕ್ಲಾಸಿನ ವಸ್ತುವನ್ನು ಹಿಂದಿರುಗಿಸುತ್ತದೆ. ಅಂಗಡಿ ಅದನ್ನು ಒಂದು ಚರದಲ್ಲಿ ಇಟ್ಟುಕೊಳ್ಳುತ್ತದೆ. ಅಂಗಡಿಯ ಕೋಡಿನಲ್ಲಿ ತೆರಿಗೆ ಎಂಬ ಹೆಸರೇ ಇಲ್ಲ, ಆದರೂ ಅದರ ಚರದ ಟೈಪು ತೆರಿಗೆಯ ದರ. ಮೊದಲ ಓಟದ ನಂತರ ಪ್ರತಿ ಕಡತಕ್ಕೂ ಕ್ಯಾಶ್‌ನಲ್ಲಿ ಎರಡು ದಾಖಲೆಗಳು ಹುಟ್ಟುತ್ತವೆ: ಒಂದರಲ್ಲಿ ಅವಲಂಬನೆಗಳು ಮತ್ತು ಹ್ಯಾಶ್‌ಗಳು, ಇನ್ನೊಂದರಲ್ಲಿ ಹೆಸರು ಮತ್ತು ಟೈಪುಗಳ ಪೂರ್ಣ ಪಟ್ಟಿ. ಪಟ್ಟಿಯಲ್ಲಿ ಬೇರೆ ಕಡತದ ಕ್ಲಾಸ್ ಬಂದರೆ ಅದನ್ನು ನಕಲು ಮಾಡುವುದಿಲ್ಲ. ‘ತೆರಿಗೆ, ಚುಕ್ಕಿ, ದರ’ ಎಂದು ವಿಳಾಸ ಮಾತ್ರ ಬರೆಯುತ್ತದೆ.

ಮರುದಿನ ಯಾರೋ ದರವನ್ನು ಅಳಿಸಿ ಬೇರೆ ಹೆಸರಿಟ್ಟರು. ಎರಡನೆಯ ಓಟದಲ್ಲಿ ತೆರಿಗೆ ಬದಲಾಗಿದೆ, ಹಾಗಾಗಿ ಮರುಪರೀಕ್ಷೆ ಆಗುತ್ತದೆ. ಬಿಲ್ ಅದನ್ನು ನೇರವಾಗಿ ಅವಲಂಬಿಸಿದೆ, ಅದೂ ಆಗುತ್ತದೆ. ಅಂಗಡಿಯ ಗತಿ? ಇಂಥ ಪರೋಕ್ಷ ಅವಲಂಬನೆಗಳನ್ನು ಹಿಡಿಯಲೆಂದೇ ಮೈಪೈಯಲ್ಲಿ ಒಂದು ಭಾಗವಿದೆ. ಕಡತದಲ್ಲಿ ಕಂಡ ಪ್ರತಿ ಟೈಪಿನೊಳಗೂ ಇಳಿದು ಅದು ಯಾವ ಯಾವ ಕಡತಗಳನ್ನು ಮುಟ್ಟುತ್ತದೆಂದು ಬರೆದುಕೊಳ್ಳುತ್ತದೆ. ಅದು ಯಾವುದೋ ಒಂದು ಬಗೆಯ ಟೈಪಿನೊಳಗೆ ಇಳಿಯಲು ಮರೆತಿತ್ತು ಎನ್ನೋಣ. ಆಗ ಅಂಗಡಿಯ ದಾಖಲೆ ‘ಹೊಸದಾಗಿಯೇ ಇದೆ’ ಎಂಬ ತೀರ್ಮಾನ ಬಂದು, ಕ್ಯಾಶ್‌ನಿಂದಲೇ ಮೇಲೆದ್ದು ಬರುತ್ತದೆ. ವಿಳಾಸಗಳನ್ನು ನಿಜ ವಸ್ತುಗಳಿಗೆ ಜೋಡಿಸುವ ಹಂತ ‘ತೆರಿಗೆ, ಚುಕ್ಕಿ, ದರ’ ಎಂಬುದನ್ನು ಹುಡುಕಿ ಹೋಗುತ್ತದೆ. ಅಲ್ಲಿ ದರ ಇಲ್ಲ. ಅಸರ್ಟ್ ಸಿಡಿಯುತ್ತದೆ.

ಟ್ರೇಸ್‌ಬ್ಯಾಕ್ ತೋರಿಸುವುದು ವಿಳಾಸ ಹುಡುಕುವ ಫಂಕ್ಷನ್ನನ್ನು. ಆ ಫಂಕ್ಷನ್‌ನಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ತಪ್ಪಿರುವುದು ನಿನ್ನೆಯ ಓಟದಲ್ಲಿ, ಅವಲಂಬನೆ ಬರೆದುಕೊಳ್ಳುವ ಭಾಗದಲ್ಲಿ. ಫಂಕ್ಷನ್ನಿನ ಒಳಗೆ ಹುಟ್ಟಿದ ಕ್ಲಾಸ್‌ಗಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ: ಮೈಪೈ ಅವುಗಳಿಗೆ ಒಳಹೆಸರು ಕೊಡುವಾಗ ಸಾಲಿನ ಸಂಖ್ಯೆಯನ್ನು ಸೇರಿಸುತ್ತದೆ. ಕಡತದ ಮೇಲ್ಭಾಗದಲ್ಲಿ ಒಂದು ಖಾಲಿ ಸಾಲು ಸೇರಿಸಿದರೂ ಆ ಹೆಸರು ಬದಲಾಗುತ್ತದೆ, ಹಳೆಯ ವಿಳಾಸ ಸುಳ್ಳಾಗುತ್ತದೆ.

ಇಲ್ಲಿ ದುರಸ್ತಿಗೆ ಎರಡು ದಾರಿಗಳಿವೆ. ವಿಳಾಸ ಸಿಗದಿದ್ದರೆ ಒಂದು ಸುಳ್ಳು ಕ್ಲಾಸನ್ನು ಅಲ್ಲಿಟ್ಟು ಮುಂದೆ ಹೋಗುವುದು ಒಂದು. ಅಂಗಡಿ ತೆರಿಗೆಯನ್ನು ಅವಲಂಬಿಸಿದೆ ಎಂದು ಸರಿಯಾಗಿ ಬರೆದುಕೊಳ್ಳುವಂತೆ ಮಾಡುವುದು ಇನ್ನೊಂದು. ಮೊದಲನೆಯದನ್ನು ಮೈಪೈಯ ಫೈನ್-ಗ್ರೇನ್ಡ್ ಕ್ಯಾಶ್ ಬಳಸುವ ವಿಧಾನದಲ್ಲಿ ಬೇಕೆಂದೇ ಮಾಡಿದ್ದಾರೆ, ಏಕೆಂದರೆ ಅಲ್ಲಿ ಹಳಸಿದ ಕಡತಗಳನ್ನು ಆಮೇಲೆ ತಿದ್ದುವ ಇನ್ನೊಂದು ವ್ಯವಸ್ಥೆ ಇದೆ. ಮಾಮೂಲಿ ಓಟದಲ್ಲಿ ಹಾಗೆ ಮಾಡಿದರೆ ಕ್ರ್ಯಾಶ್ ಹೋಗಿ ಅದರ ಜಾಗದಲ್ಲಿ ಮೌನ ಬರುತ್ತದೆ: ಅಂಗಡಿಯಲ್ಲಿ ಈಗ ನಿಜವಾಗಿಯೂ ಟೈಪ್ ತಪ್ಪಿದೆ, ಚೆಕರ್ ಅದನ್ನು ಹೇಳುವುದಿಲ್ಲ. ಟೈಪ್ ಚೆಕರ್‌ನ ಮಟ್ಟಿಗೆ ಸದ್ದಿಲ್ಲದ ತಪ್ಪು ಉತ್ತರಕ್ಕಿಂತ ಕ್ರ್ಯಾಶ್ ಎಷ್ಟೋ ವಾಸಿ.

ಕುಗ್ಗಿಸುವುದು

ಕ್ರ್ಯಾಶ್ ಮರುಕಳಿಸುವಂತೆ ಮಾಡಿ, ಅದಕ್ಕೆ ಬೇಕಾದ ಕೋಡನ್ನು ಆದಷ್ಟು ಕಿರಿದಾಗಿಸುವುದು ಶೋಧದ ಅತಿ ಮುಖ್ಯ ಕೆಲಸ, ಮತ್ತು ಬಳಕೆದಾರರು ಮಾಡಬಹುದಾದ ದೊಡ್ಡ ಉಪಕಾರ. ಐವತ್ತು ಸಾವಿರ ಸಾಲಿನ ಖಾಸಗಿ ಕೋಡಿನಲ್ಲಿ ಆಗುವ ಕ್ರ್ಯಾಶನ್ನು ಹೊರಗಿನ ಯಾರೂ ಸರಿಪಡಿಸಲಾರರು. ಹತ್ತು ಸಾಲಿಗೆ ಇಳಿದ ಕ್ರ್ಯಾಶ್ ಬಹುತೇಕ ಸಲ ತನ್ನ ಕಾರಣವನ್ನು ತಾನೇ ಹೇಳುತ್ತದೆ.

ಈ ಕೆಲಸಕ್ಕೆ ಶಾಸ್ತ್ರದ ರೂಪ ಕೊಟ್ಟವರು ಜರ್ಮನಿಯ ಆಂಡ್ರಿಯಾಸ್ ತ್ಸೆಲ್ಲರ್. 1999ರಲ್ಲಿ ಡೆಲ್ಟಾ ಡಿಬಗಿಂಗ್ ಎಂಬ ವಿಧಾನವನ್ನು ಪ್ರಕಟಿಸಿದರು. 2002ರಲ್ಲಿ ರಾಲ್ಫ್ ಹಿಲ್ಡೆಬ್ರಾಂಟ್ ಜೊತೆಗೂಡಿ ಅದನ್ನು ಇನ್‌ಪುಟ್ ಕುಗ್ಗಿಸುವುದಕ್ಕೆ ವಿಸ್ತರಿಸಿದರು. ಇನ್‌ಪುಟ್ಟನ್ನು ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನು ತೆಗೆದು ನೋಡುತ್ತಾ, ದೋಷ ಉಳಿದರೆ ಆ ತುಂಡನ್ನು ಬಿಟ್ಟುಬಿಟ್ಟು, ಮುಂದೆ ಇನ್ನೂ ಸಣ್ಣ ತುಂಡುಗಳಿಗೆ ಇಳಿಯುವುದು ಅದರ ತಿರುಳು. ಮೊಜಿಲ್ಲಾ ಬ್ರೌಸರನ್ನು ಬೀಳಿಸುತ್ತಿದ್ದ 896 ಸಾಲಿನ ಪುಟ ಹೀಗೆ ಒಂದೇ ಸಾಲಿಗೆ ಇಳಿದದ್ದು ಆ ಪ್ರಬಂಧದ ಪ್ರಸಿದ್ಧ ಉದಾಹರಣೆ. ಕಂಪೈಲರ್ ದೋಷಗಳಿಗೆಂದೇ ಯೂಟಾ ವಿಶ್ವವಿದ್ಯಾಲಯದ ಜಾನ್ ರೆಗೆಹ್ರ್ ಮತ್ತು ಸಂಗಡಿಗರು 2012ರಲ್ಲಿ ಸಿ-ರೆಡ್ಯೂಸ್ ಸಾಧನವನ್ನು ಪ್ರಕಟಿಸಿದರು. ಸಿ ಭಾಷೆಗೆಂದು ಹುಟ್ಟಿದರೂ ಅದು ಪೈಥಾನ್ ಪಠ್ಯವನ್ನೂ ತಕ್ಕಮಟ್ಟಿಗೆ ಕತ್ತರಿಸಬಲ್ಲದು.

ಇಂಥ ಸಾಧನಗಳಿಗೆ ನಾವು ಒದಗಿಸಬೇಕಾದದ್ದು ಒಂದು ಪುಟ್ಟ ಪರೀಕ್ಷಾ ಸ್ಕ್ರಿಪ್ಟ್: ‘ಈ ತುಣುಕಿನಲ್ಲಿ ನಾವು ಹುಡುಕುತ್ತಿರುವ ಕ್ರ್ಯಾಶ್ ಇನ್ನೂ ಇದೆಯೇ?’ ಎಂಬ ಪ್ರಶ್ನೆಗೆ ಅದು ಉತ್ತರಿಸಬೇಕು. ಇಲ್ಲೊಂದು ಗುಂಡಿ ಇದೆ. ಮೈಪೈ ಕ್ರ್ಯಾಶ್‌ಗೆ 2 ಎಂಬ ಸಂಖ್ಯೆ ಕೊಡುತ್ತದೆ, ಆದರೆ ವಾಕ್ಯರಚನೆಯೇ ತಪ್ಪಿರುವ ಕಡತಕ್ಕೂ 2 ಎಂದೇ ಕೊಡುತ್ತದೆ. ಸಂಖ್ಯೆಯನ್ನಷ್ಟೇ ನೋಡುವ ಸ್ಕ್ರಿಪ್ಟ್ ಬರೆದರೆ ಸಾಧನ ಸಂತೋಷದಿಂದ ಕತ್ತರಿಸುತ್ತಾ ಹೋಗಿ, ಕೊನೆಗೆ ಮುಚ್ಚದ ಒಂದು ಆವರಣ ಚಿಹ್ನೆಯನ್ನು ತಂದುಕೊಡುತ್ತದೆ. ಹಾಗಾಗಿ ದೋಷದ ಬಗೆ, ಸಂದೇಶದ ಪಠ್ಯ, ಟ್ರೇಸ್‌ಬ್ಯಾಕ್‌ನ ಕೊನೆಯ ಫಂಕ್ಷನ್ ಮೂರನ್ನೂ ಹೋಲಿಸಬೇಕು. ಇಲ್ಲದಿದ್ದರೆ ಕುಗ್ಗಿಸುತ್ತಾ ಹೋದಂತೆ ಒಂದು ದೋಷದಿಂದ ಇನ್ನೊಂದಕ್ಕೆ ಜಾರುವ ಸಾಧ್ಯತೆ ಹೆಚ್ಚು. ಕ್ಯಾಶ್ ಕ್ರ್ಯಾಶ್ ಆದರೆ ಸ್ಕ್ರಿಪ್ಟ್ ಪ್ರತಿ ಸಲ ಕ್ಯಾಶ್ ಅಳಿಸಿ, ಹಳೆಯ ಕಡತಗಳೊಡನೆ ಒಮ್ಮೆ, ಹೊಸ ಕಡತಗಳೊಡನೆ ಮತ್ತೊಮ್ಮೆ ಓಡಿಸಬೇಕು.

ಕೈಯಿಂದ ಕುಗ್ಗಿಸುವವರಿಗೆ ಆರಂಭದ ಬಿಂದು ಸಿದ್ಧವಿದೆ. ಬೀಳುವ ಮುನ್ನ ತಾನು ಓದುತ್ತಿದ್ದ ಕಡತ ಮತ್ತು ಸಾಲನ್ನು ಮೈಪೈ ಮುದ್ರಿಸುತ್ತದೆ. ಆ ಸಾಲಿಗೆ ಬೇಕಾದ ಕ್ಲಾಸ್‌ಗಳನ್ನು ಉಳಿಸಿ, ಫಂಕ್ಷನ್‌ಗಳ ಒಡಲನ್ನು ಖಾಲಿ ಮಾಡಿ, ಹೊರಗಿನ ಲೈಬ್ರರಿಯ ಕ್ಲಾಸ್ ಬಂದರೆ ಅದರ ಜಾಗದಲ್ಲಿ ನಾಲ್ಕು ಸಾಲಿನ ಬದಲಿ ಬರೆಯುತ್ತಾ ಹೋಗುವುದು ರೂಢಿ. ಟೈಪ್ ಚೆಕರ್ ಕೋಡನ್ನು ಓಡಿಸುವುದಿಲ್ಲವಾದ್ದರಿಂದ ಅದು ಓಡುವಂತಿರಬೇಕೆಂಬ ಹಂಗಿಲ್ಲ. ಇದು ದೊಡ್ಡ ಸೌಕರ್ಯ.

ಒಳಗೆ ಇಳಿಯುವುದು

ಮಾಮೂಲಿಯಾಗಿ ಮೈಪೈ ಕ್ರ್ಯಾಶ್‌ನ ಪೂರ್ತಿ ಟ್ರೇಸ್‌ಬ್ಯಾಕ್ ತೋರಿಸುವುದಿಲ್ಲ. ಶೋ-ಟ್ರೇಸ್‌ಬ್ಯಾಕ್ ಎಂಬ ಆಯ್ಕೆ ಕೊಡಬೇಕು. ಪಿಡಿಬಿ ಆಯ್ಕೆ ಕೊಟ್ಟರೆ ಬಿದ್ದ ಜಾಗದಲ್ಲೇ ಪೈಥಾನ್ ಡಿಬಗರ್ ತೆರೆದುಕೊಳ್ಳುತ್ತದೆ. ಆದರೆ ಒಂದು ತೊಡಕಿದೆ. ಪಿಪ್ ಮೂಲಕ ಸಿಗುವ ಮೈಪೈ ಮೈಪೈಸಿ ಎಂಬ ಕಂಪೈಲರ್‌ನಿಂದ ಸಿ ಭಾಷೆಗೆ ಇಳಿಸಿ ಕಟ್ಟಿದ್ದು. ಡ್ರಾಪ್‌ಬಾಕ್ಸ್ ತಂಡದ ಪ್ರಕಾರ ಇದರಿಂದ ವೇಗ ಸುಮಾರು 4 ಪಟ್ಟು ಹೆಚ್ಚಿತು, ಆದರೆ ಡಿಬಗರ್‌ಗೆ ಒಳಗಿನ ಚರಗಳು ಕಾಣುವುದಿಲ್ಲ. ಆಳವಾದ ರಿಕರ್ಷನ್ ಆದಾಗ ಪೈಥಾನ್‌ನ ಸಭ್ಯ ದೋಷದ ಬದಲು ಇಡೀ ಪ್ರಕ್ರಿಯೆಯೇ ಸೆಗ್ಮೆಂಟೇಷನ್ ಫಾಲ್ಟ್ ಎಂದು ಸತ್ತುಹೋಗಬಹುದು. ಅದಕ್ಕೇ ಅನುಭವಿಗಳು ಮೊದಲು ಕಂಪೈಲ್ ಆಗದ ಪ್ರತಿಯನ್ನು ಅನುಸ್ಥಾಪಿಸಿಕೊಳ್ಳುತ್ತಾರೆ. ಪಿಪ್‌ಗೆ ನೋ-ಬೈನರಿ ಎಂದು ಹೇಳಿದರೆ ಸಾಕು. ನಿಧಾನ ನಿಜ, ಆದರೆ ಪ್ರತಿ ಫ್ರೇಮ್‌ನಲ್ಲೂ ಏನಿದೆಯೆಂದು ನೋಡಬಹುದು, ಮುದ್ರಣದ ಸಾಲುಗಳನ್ನು ಸೇರಿಸಬಹುದು.

ಹಿಂದಿನ ಆವೃತ್ತಿಯಲ್ಲಿ ಇಲ್ಲದ ಕ್ರ್ಯಾಶ್ ಹೊಸದರಲ್ಲಿ ಬಂದರೆ ಗಿಟ್‌ನ ಬೈಸೆಕ್ಟ್ ಇದೆ: ನಡುವಿನ ಸಾವಿರ ಬದಲಾವಣೆಗಳಲ್ಲಿ ತಪ್ಪಿತಸ್ಥನನ್ನು ಸುಮಾರು ಹತ್ತು ಓಟಗಳಲ್ಲಿ ಹಿಡಿಯಬಹುದು. ಮೈಪೈಯ ವಿಷಯದಲ್ಲಿ ಅದು ಬೆರಳು ತೋರಿಸುವುದು ಕೆಲವೊಮ್ಮೆ ‘ಟೈಪ್‌ಶೆಡ್ ಸಿಂಕ್’ ಎಂಬ ಬದಲಾವಣೆಯ ಕಡೆಗೆ. ಪೈಥಾನ್‌ನ ಮೂಲ ಲೈಬ್ರರಿಗಳ ಟೈಪುಗಳನ್ನು ವಿವರಿಸುವ ಟೈಪ್‌ಶೆಡ್ ಬೇರೆಯೇ ಯೋಜನೆ. ಅದರ ಪ್ರತಿಯನ್ನು ಮೈಪೈ ತನ್ನೊಳಗೆ ಇಟ್ಟುಕೊಂಡು ಆಗಾಗ ನವೀಕರಿಸುತ್ತದೆ. ಬೈಸೆಕ್ಟ್ ಅಲ್ಲಿ ನಿಂತರೆ ಟೈಪ್‌ಶೆಡ್‌ನಲ್ಲಿ ತಪ್ಪಿದೆ ಎಂದುಕೊಳ್ಳಬಾರದು. ಸರಿಯಾದ ಹೊಸ ಟೈಪ್ ವಿವರಣೆಯೊಂದು ಚೆಕರ್‌ನ ಹಳೆಯ ದೋಷವನ್ನು ಬೆಳಕಿಗೆ ತಂದಿದೆ, ಅಷ್ಟೆ.

ದುರಸ್ತಿ

ಮೂಲ ಸಿಕ್ಕ ಮೇಲೂ ಒಂದು ಆಮಿಷ ಉಳಿಯುತ್ತದೆ: ಸಿಡಿದ ಅಸರ್ಟನ್ನು ತೆಗೆದು, ಅಲ್ಲಿ ‘ಏನಿ’ ಟೈಪನ್ನು ಹಿಂದಿರುಗಿಸುವುದು. ಏನಿ ಎಲ್ಲಕ್ಕೂ ಹೊಂದುವುದರಿಂದ ಮುಂದೆ ಯಾವ ದೂರೂ ಬರುವುದಿಲ್ಲ. ಕೋಡಿನಲ್ಲಿ ಆಗಲೇ ಒಂದು ತಪ್ಪು ವರದಿಯಾಗಿದ್ದರೆ ಇದು ಸರಿಯಾದ ಕ್ರಮವೇ. ಒಂದು ತಪ್ಪಿನಿಂದ ಇಪ್ಪತ್ತು ಸಂದೇಶಗಳ ಸರಮಾಲೆ ಬರದಿರಲೆಂದು ಮೈಪೈ ‘ದೋಷದಿಂದ ಹುಟ್ಟಿದ ಏನಿ’ ಎಂಬ ಪ್ರತ್ಯೇಕ ಗುರುತನ್ನೇ ಇಟ್ಟುಕೊಂಡಿದೆ. ತಪ್ಪು ವರದಿಯಾಗದ ಕಡೆ ಹಾಗೆ ಮಾಡುವುದು ದೋಷವನ್ನು ಮುಚ್ಚಿಹಾಕುವುದು.

ದುರಸ್ತಿಯ ಜೊತೆಗೆ ಪರೀಕ್ಷೆಯನ್ನೂ ಸೇರಿಸುತ್ತಾರೆ. ಮೈಪೈಯ ಪರೀಕ್ಷಾ ಕಡತಗಳ ರೂಪ ವಿಶಿಷ್ಟವಾದದ್ದು: ಚೌಕಾವರಣದಲ್ಲಿ ಪರೀಕ್ಷೆಯ ಹೆಸರು, ಕೆಳಗೆ ಕುಗ್ಗಿಸಿದ ಪೈಥಾನ್ ತುಣುಕು, ಯಾವ ಸಾಲಿನಲ್ಲಿ ಯಾವ ತಪ್ಪು ವರದಿಯಾಗಬೇಕೋ ಆ ಸಾಲಿನ ಪಕ್ಕದಲ್ಲೇ ಟಿಪ್ಪಣಿ. ಕ್ಯಾಶ್‌ಗೆ ಸಂಬಂಧಿಸಿದ್ದಾದರೆ ಒಂದೇ ಕಡತದ ಎರಡನೆಯ ಓಟದ ರೂಪವನ್ನು ಹೆಸರಿನ ಕೊನೆಗೆ ಚುಕ್ಕಿ 2 ಸೇರಿಸಿ ಬರೆಯುತ್ತಾರೆ. ‘ನೋ ಕ್ರ್ಯಾಶ್’ ಎಂಬ ಪದ ಹೆಸರಿನಲ್ಲೇ ಇರುವ ಪರೀಕ್ಷೆಗಳು ಅಲ್ಲಿ ಹಲವಾರು. ಪ್ರತಿಯೊಂದರ ಹಿಂದೆಯೂ ಯಾರೋ ಅಪರಿಚಿತರು ಶ್ರಮಪಟ್ಟು ಕುಗ್ಗಿಸಿ ಕಳಿಸಿದ ಒಂದು ವರದಿ ಇರುತ್ತದೆ. ಜೊತೆಗೆ ಮೈಪೈ ಪ್ರೈಮರ್ ಎಂಬ ಸಾಧನ ಹಳೆಯ ಮತ್ತು ಹೊಸ ಮೈಪೈಗಳನ್ನು ಹಲವು ಮುಕ್ತ ತಂತ್ರಾಂಶ ಯೋಜನೆಗಳ ಮೇಲೆ ಓಡಿಸಿ ವ್ಯತ್ಯಾಸವನ್ನು ತೋರಿಸುತ್ತದೆ. ಒಂದು ಕ್ರ್ಯಾಶ್ ಸರಿಪಡಿಸಲು ಹೋಗಿ ಇನ್ನೊಂದನ್ನು ಹುಟ್ಟಿಸಿದ್ದರೆ ಅದು ಬಹಳ ಸಲ ಇಲ್ಲೇ ಸಿಕ್ಕಿಬೀಳುತ್ತದೆ.

ದುರಸ್ತಿಯ ಎಲ್ಲೆ

ಕೆಲವು ಕ್ರ್ಯಾಶ್‌ಗಳ ಹಿಂದೆ ಗಣಿತವೇ ನಿಂತಿದೆ. ಆಂಡ್ರ್ಯೂ ಕೆನಡಿ ಮತ್ತು ಬೆಂಜಮಿನ್ ಪಿಯರ್ಸ್ 2007ರಲ್ಲಿ, ಜೆನೆರಿಕ್ ಕ್ಲಾಸ್‌ಗಳ ಆನುವಂಶಿಕತೆ ಮತ್ತು ವೇರಿಯನ್ಸ್ ಕೂಡಿದಾಗ ಉಪಟೈಪ್ ಪ್ರಶ್ನೆಗೆ ಯಾವಾಗಲೂ ಉತ್ತರಿಸಬಲ್ಲ ವಿಧಾನವೇ ಇಲ್ಲದ ಸಂದರ್ಭಗಳಿವೆ ಎಂದು ತೋರಿಸಿದರು. ರಾಡು ಗ್ರಿಗೋರೆ 2017ರಲ್ಲಿ ಜಾವಾದ ಜೆನೆರಿಕ್ಸ್ ಯಾವುದೇ ಟ್ಯೂರಿಂಗ್ ಯಂತ್ರವನ್ನು ಅನುಕರಿಸಬಲ್ಲವು ಎಂದು ಸಾಧಿಸಿದರು; ಓರಿ ರಾತ್ 2023ರಲ್ಲಿ ಪೈಥಾನ್ ಟೈಪ್ ಸೂಚನೆಗಳಿಗೂ ಅದನ್ನೇ ಸಾಧಿಸಿದರು. ಅಂದರೆ ಎಷ್ಟೇ ಎಚ್ಚರದಿಂದ ಕಟ್ಟಿದರೂ ಮುಗಿಯದ ಪ್ರಶ್ನೆ ಕೇಳುವ ಕೋಡನ್ನು ಬರೆಯಲು ಸಾಧ್ಯ. ಉಳಿದಿರುವ ಮಾರ್ಗವೆಂದರೆ ಮಿತಿ ಹಾಕಿಕೊಂಡು, ಅದನ್ನು ಮೀರಿದಾಗ ಬೀಳುವ ಬದಲು ಹೇಳುವುದು. ಟೈಪ್‌ಸ್ಕ್ರಿಪ್ಟ್‌ನ 2589 ಸಂಖ್ಯೆಯ ದೋಷ ಇದನ್ನೇ ಮಾಡುತ್ತದೆ: ಟೈಪಿನ ವಿಸ್ತರಣೆ ಅತಿ ಆಳವಾಗಿದೆ, ಬಹುಶಃ ಕೊನೆಯೇ ಇಲ್ಲ ಎಂದು ಸಾಲಿನ ಸಮೇತ ತಿಳಿಸುತ್ತದೆ. ಸ್ಟ್ಯಾಕ್ ಉಕ್ಕಿ ಸಾಯುವುದಕ್ಕೆ ಹೋಲಿಸಿದರೆ ಇದು ಬಳಕೆದಾರರಿಗೆ ತೋರುವ ಗೌರವ.

ಎಡಿಟರ್‌ಗಳು ಮತ್ತು ಹೊಸ ಪೀಳಿಗೆ

2016ರಲ್ಲಿ ಬಂದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ನಂತರ ಟೈಪ್ ಚೆಕರ್‌ಗಳು ಎಡಿಟರ್‌ನ ಹಿನ್ನೆಲೆಯಲ್ಲಿ ಗಂಟೆಗಟ್ಟಲೆ ಓಡುವ ಸೇವೆಗಳಾದವು. ಅಲ್ಲಿ ಪರೀಕ್ಷೆಗೆ ಬರುವುದು ಬೆರಳು ಕೀಲಿಯ ಮೇಲಿರುವಾಗಿನ ಅರ್ಧ ಸಾಲು. ಸರ್ವರ್ ಬಿದ್ದರೆ ವಿಎಸ್ ಕೋಡ್ ತಾನೇ ಎಬ್ಬಿಸುತ್ತದೆ. ಮೂರು ನಿಮಿಷದಲ್ಲಿ ಐದು ಸಲ ಬಿದ್ದರೆ ಇನ್ನು ಎಬ್ಬಿಸುವುದಿಲ್ಲವೆಂದು ತಿಳಿಸಿ ಕೈಬಿಡುತ್ತದೆ. ಹಾಗೆ ತಾನಾಗಿ ಎದ್ದುಬಿಡುವುದರಿಂದ ಎಷ್ಟೋ ಕ್ರ್ಯಾಶ್‌ಗಳು ಯಾರ ಗಮನಕ್ಕೂ ಬಾರದೆ ಹೋಗುತ್ತವೆ. ಎಡಿಟರ್‌ನ ಔಟ್‌ಪುಟ್ ಕಿಟಕಿಯನ್ನು ತೆರೆದು ನೋಡುವ ಅಭ್ಯಾಸ ಒಳ್ಳೆಯದು.

2025ರಲ್ಲಿ ಮೆಟಾದ ಪೈರ್‌ಫ್ಲೈ, ಆಸ್ಟ್ರಲ್‌ನ ಟಿವೈ ಎಂಬ ಎರಡು ಪೈಥಾನ್ ಚೆಕರ್‌ಗಳು ಸಾರ್ವಜನಿಕರ ಮುಂದೆ ಬಂದವು. ಎರಡೂ ರಸ್ಟ್‌ನಲ್ಲಿ ಬರೆದವು. ರಸ್ಟ್ ಭಾಷೆ ಮೆಮೊರಿ ದೋಷಗಳ ಒಂದು ದೊಡ್ಡ ವರ್ಗವನ್ನೇ ತಡೆಯುತ್ತದೆ; ಮುರಿದ ಭರವಸೆಯನ್ನು ಅದು ತಡೆಯಲಾರದು, ಅಲ್ಲಿ ಅದು ಪ್ಯಾನಿಕ್ ಆಗಿ, ಅಂದರೆ ಪ್ರೋಗ್ರಾಮೇ ಹಠಾತ್ತನೆ ನಿಲ್ಲುವ ರೂಪದಲ್ಲಿ, ಪ್ರಕಟವಾಗುತ್ತದೆ.

ಕನ್ನಡದಲ್ಲಿ ಟಿಪ್ಪಣಿ, ಸಂದೇಶ, ಹೆಸರುಗಳನ್ನು ಬರೆಯುವ ಪ್ರೋಗ್ರಾಮರ್‌ಗಳಿಗೆ ಸಂಬಂಧಿಸಿದ ಅಪಾಯವೊಂದು ಇಲ್ಲಿದೆ. ‘ಕನ್ನಡ’ ಎಂಬ ಪದದಲ್ಲಿ ಯೂನಿಕೋಡ್ ಲೆಕ್ಕದಲ್ಲಿ 5 ಸಂಕೇತಗಳಿವೆ, ಯುಟಿಎಫ್-8ರಲ್ಲಿ 15 ಬೈಟುಗಳು. ಪೈಥಾನ್‌ನ ವಾಕ್ಯರಚನಾ ವೃಕ್ಷ ಒಂದು ಪದ ಸಾಲಿನಲ್ಲಿ ಎಲ್ಲಿದೆ ಎಂಬುದನ್ನು ಬೈಟುಗಳಲ್ಲಿ ಎಣಿಸುತ್ತದೆ. ಅದನ್ನು ಅಕ್ಷರಗಳ ಎಣಿಕೆ ಎಂದು ಸಾಧನವೊಂದು ತಪ್ಪಾಗಿ ತಿಳಿದರೆ ದೋಷದ ಗುರುತು ಸಾಲಿನಾಚೆ ಎಲ್ಲೋ ಬೀಳುತ್ತದೆ, ಇಲ್ಲವೇ ಇಲ್ಲದ ಸ್ಥಾನವನ್ನು ಮುಟ್ಟಲು ಹೋಗಿ ಸಾಧನವೇ ಬೀಳುತ್ತದೆ. ರಸ್ಟ್‌ನಲ್ಲಂತೂ ಪಠ್ಯವನ್ನು ಒಂದು ಅಕ್ಷರದ ಬೈಟುಗಳ ನಡುವೆ ಕತ್ತರಿಸಿದರೆ ಪ್ಯಾನಿಕ್ ಖಂಡಿತ. ಪೈಥಾನ್ 3ರಲ್ಲಿ ಚರಗಳಿಗೆ ಕನ್ನಡ ಹೆಸರಿಡಬಹುದು, ಆದರೆ ‘ರಾಜ್‌ಕುಮಾರ್’ ಎಂದು ಬರೆಯುವಾಗ ನಡುವೆ ಸೇರುವ ಕಣ್ಣಿಗೆ ಕಾಣದ ಜೋಡಣೆ-ತಡೆ ಸಂಕೇತವನ್ನು ಅದರ ಹಳೆಯ ಆವೃತ್ತಿಗಳು ಹೆಸರಿನೊಳಗೆ ಒಪ್ಪುವುದಿಲ್ಲ. ಇಂಗ್ಲಿಷ್ ಪಠ್ಯ ಮಾತ್ರ ಇರುವ ಪರೀಕ್ಷೆಗಳು ಈ ಬಗೆಯ ದೋಷಗಳನ್ನು ಎಂದೂ ಹಿಡಿಯಲಾರವು. ಆದ್ದರಿಂದ ಕನ್ನಡ ಪಠ್ಯವಿರುವ ಕಡತದಲ್ಲಿ ಚೆಕರ್ ಬಿದ್ದಾಗ, ವರದಿಗೆಂದು ಕುಗ್ಗಿಸುವಾಗ ಆ ಪಠ್ಯವನ್ನು ಇಂಗ್ಲಿಷ್‌ಗೆ ಬದಲಿಸದೆ ಮೊದಲು ಹಾಗೆಯೇ ಇಟ್ಟು, ಆಮೇಲೆ ತೆಗೆದು, ಎರಡು ಸಲವೂ ಓಡಿಸಿ ನೋಡಬೇಕು.